ವಿಜಯಪುರದಲ್ಲಿ ಬ್ಲೂಬೆರಿ ಎಲೆ ಹಳದಿಯಾಗಿದೆ, ಬಿಸಿಲು ಜಾಸ್ತಿ ಆಯ್ತಾ?

ನಮಸ್ಕಾರ್ರಿ. ಹಿತ್ತಲಲ್ಲಿ ಎರಡು ಬ್ಲೂಬೆರಿ ಸಸಿ ನೆಟ್ಟಿದ್ದೀರಿ, ತಿಪ್ಪೆಗೊಬ್ಬರ ಹಾಕಿದ್ದೀರಿ, ದಿನಾ ಬೋರ್ ನೀರು ಬಿಡುತ್ತೀರಿ. ಆದರೂ ಎರಡೇ ತಿಂಗಳಲ್ಲಿ ಎಲೆ ಹಳದಿ. ಬಿಸಿಲಿಗೆ ಹೀಗಾಯ್ತಾ ಅಂತ ನಿಮ್ಮ ಪ್ರಶ್ನೆ.

ಎಲೆಯನ್ನು ಒಂದು ಸಲ ಹತ್ತಿರ ಹಿಡಿದು ನೋಡಿ. ನರ ಹಸಿರಾಗಿದ್ದು ನಡುವಿನ ಜಾಗ ಮಾತ್ರ ಹಳದಿಯಾಗಿದೆಯಾ? ತುದಿಯ ಎಳೆ ಎಲೆಯಲ್ಲೇ ಮೊದಲು ಕಾಣಿಸಿತಾ? ಹಾಗಿದ್ದರೆ ಅದು ಬಿಸಿಲಿನ ಕೆಲಸ ಅಲ್ಲ. ಗಿಡಕ್ಕೆ ಕಬ್ಬಿಣ ಸಿಗುತ್ತಿಲ್ಲ. ಮಣ್ಣಲ್ಲಿ ಕಬ್ಬಿಣ ಇರುತ್ತದೆ, ಆದರೆ ಸುಣ್ಣ ಜಾಸ್ತಿ ಇರುವ ಮಣ್ಣಲ್ಲಿ ಅದು ಕರಗುವುದಿಲ್ಲ. ಕರಗದಿದ್ದರೆ ಬೇರು ಹೀರುವುದು ಹೇಗೆ?

ನಾನು ಜಮಖಂಡಿಯವಳು. ನನ್ನ ಮೊದಲ ಗಿಡವನ್ನೂ ನಿಮ್ಮ ಹಾಗೇ ಎರೆ ಮಣ್ಣಲ್ಲಿ ನೆಟ್ಟಿದ್ದೆ. ನಮ್ಮ ಅತ್ತೆ ಪ್ರೀತಿಯಿಂದ ಒಂದು ಬುಟ್ಟಿ ಗೊಬ್ಬರ, ಮೇಲೊಂದು ಹಿಡಿ ಒಲೆಯ ಬೂದಿ ಹಾಕಿದರು. ಬದನೆ, ಮೆಣಸಿನಗಿಡಕ್ಕೆ ಅದು ಒಳ್ಳೆಯದೇ. ಬ್ಲೂಬೆರಿಗೆ ಅದೇ ವಿಷವಾಯ್ತು. ಗಿಡ ಐದು ತಿಂಗಳೂ ಬಾಳಲಿಲ್ಲ. ಒಣಗಿದ ಕಡ್ಡಿ ಕಿತ್ತ ದಿನ ನನಗೆ ಬಹಳ ಬೇಜಾರಾಗಿತ್ತು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ಮಣ್ಣು ಎಂಥದ್ದು ಅಂತ ಮನೆಯಲ್ಲೇ ನೋಡಬಹುದು. ಒಣಗಿದ ಒಂದು ಹೆಂಟೆ ಪುಡಿ ಮಾಡಿ ಸ್ಟೀಲ್ ತಟ್ಟೆಗೆ ಹಾಕಿ, ಮೇಲೆ ಅರ್ಧ ಲಿಂಬೆಹಣ್ಣು ಹಿಂಡಿ. ಕಿವಿ ಹತ್ತಿರ ತನ್ನಿ. ಸಣ್ಣಗೆ ಸುರ್ ಅಂತ ಸದ್ದು ಬಂದು ಗುಳ್ಳೆ ಎದ್ದರೆ ಮಣ್ಣಲ್ಲಿ ಸುಣ್ಣ ಇದೆ. ಎರೆಯಲ್ಲಿ ಬಿಳಿ ಸುಣ್ಣದ ಹರಳು ಸಿಕ್ಕರೆ ಪರೀಕ್ಷೆಯೇ ಬೇಡ. ನಮ್ಮ ಕಡೆ ಎರೆ ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕ ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಸಾಮಾನ್ಯವಾಗಿ 8ರ ಆಸುಪಾಸು ಅಥವಾ ಅದಕ್ಕೂ ಮೇಲೆ. ಬ್ಲೂಬೆರಿ ಕೇಳುವುದು 4.5ರಿಂದ 5.5. ಪಿಎಚ್ ಲೆಕ್ಕದಲ್ಲಿ ಒಂದು ಅಂಕ ಅಂದರೆ ಹತ್ತು ಪಟ್ಟು. ಮೂರು ಅಂಕದ ಅಂತರ ಅಂದರೆ ಸಾವಿರ ಪಟ್ಟು! ಗಂಧಕದ ಪುಡಿ ಹಾಕಿ ಸರಿ ಮಾಡಬಹುದು ಅಂತ ಎಷ್ಟೋ ಜನ ಹೇಳುತ್ತಾರೆ. ಸುಣ್ಣ ತುಂಬಿದ ಎರೆಯಲ್ಲಿ ಅದು ನಡೆಯುವುದಿಲ್ಲ. ಗಂಧಕದಿಂದ ಹುಟ್ಟಿದ ಆಮ್ಲವನ್ನೆಲ್ಲ ಸುಣ್ಣವೇ ತಿಂದು ಹಾಕುತ್ತದೆ.

ಅಮೆರಿಕದವರಿಗೂ ಇದು ಗೊತ್ತಿರಲಿಲ್ಲ. ಅಲ್ಲಿ ಬ್ಲೂಬೆರಿ ಕಾಡಲ್ಲಿ ಬೆಳೆಯುತ್ತಿತ್ತು, ತೋಟಕ್ಕೆ ತಂದರೆ ಸಾಯುತ್ತಿತ್ತು. ಅದಕ್ಕೆ ಹುಳಿ ಮಣ್ಣು ಬೇಕು ಅಂತ ಫ್ರೆಡರಿಕ್ ಕೋವಿಲ್ ಎಂಬ ಸಸ್ಯಶಾಸ್ತ್ರಜ್ಞ 1910ರಲ್ಲಿ ಬರೆದ ಮೇಲೆಯೇ ದಾರಿ ತೆರೆಯಿತು. ಅವರು ನ್ಯೂಜೆರ್ಸಿಯ ಕೃಷಿಕೆ ಎಲಿಜಬೆತ್ ವೈಟ್ ಜೊತೆ ಸೇರಿ ಬೆಳೆಸಿದ ಮೊದಲ ಫಸಲು ಮಾರುಕಟ್ಟೆಗೆ ಹೋಗಿದ್ದು 1916ರಲ್ಲಿ.

ಈಗ ನಿಮ್ಮ ಗಿಡದ ಮಾತು. ನೆಲದಿಂದ ಎತ್ತಿ ಕುಂಡಕ್ಕೆ ಹಾಕಿ. ಸಂಜೆ ಹೊತ್ತಲ್ಲಿ ಸುತ್ತ ಅಗಲವಾಗಿ ಅಗೆದು ಎತ್ತಿ, ಬೇರಿಗೆ ಹತ್ತಿದ ಎರೆಯನ್ನು ಮಳೆ ನೀರಲ್ಲಿ ಮೆಲ್ಲಗೆ ತೊಳೆಯಿರಿ. ಈ ಗಿಡದ ಬೇರು ಕೂದಲಿನಷ್ಟು ಸಣ್ಣ, ಉಜ್ಜಬೇಡಿ. ಕುಂಡ ಈಗ 12 ಇಂಚಿನದು ಸಾಕು, ಗಿಡ ದೊಡ್ಡದಾದಂತೆ 18 ಇಂಚಿನದಕ್ಕೆ ಬದಲಿಸಿ. ಕಪ್ಪು ಕುಂಡ ಬೇಡ, ನಮ್ಮ ಬಿಸಿಲಿಗೆ ಬೇರು ಬೆಂದು ಹೋಗುತ್ತದೆ. ಒಳಗೆ ಹಿತ್ತಲ ಮಣ್ಣು ಒಂದು ಹಿಡಿಯೂ ಬೀಳಬಾರದು. ನಾನು ಅರ್ಧ ಪಾಲು ಪೀಟ್ ಮಾಸ್ (ಜೌಗಿನಲ್ಲಿ ಕೊಳೆತ ಪಾಚಿ, ಹುಳಿ ಗುಣದ್ದು) ಹಾಕಿದೆ, ಉಳಿದರ್ಧಕ್ಕೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಕಾಳು). ಕೋಕೋಪೀಟಿನಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೆನೆಸಿ ಹಿಂಡಿ ಹಾಕಿ.

ಇಷ್ಟೆಲ್ಲ ಮಾಡಿ ಮತ್ತೆ ಬೋರ್ ನೀರು ಹಾಕಿದರೆ ಎಲ್ಲ ಹಾಳು. ನಿಮ್ಮ ಸ್ನಾನದ ಬಕೆಟ್ ಒಳಗೆ ಬಿಳಿ ಕರೆ ಕಟ್ಟಿದೆ ಅಲ್ವಾ? ಅದೇ ಸುಣ್ಣ ದಿನಾ ಕುಂಡಕ್ಕೂ ಹೋಗುತ್ತದೆ. ಹಾಗಾಗಿ ಮಳೆ ನೀರು ಹಿಡಿದಿಡಿ. ಬರೀ 100 ಚದರ ಅಡಿ ಮಾಳಿಗೆ ಮೇಲೆ 1 ಸೆಂಟಿಮೀಟರ್ ಮಳೆ ಬಿದ್ದರೆ ಹತ್ತಿರ ಹತ್ತಿರ 90 ಲೀಟರ್ ನೀರು. ಎರಡು ಡ್ರಮ್ಮಿಗೆ ಮುಚ್ಚಳ ಹಾಕಿ ಇಟ್ಟರೆ ಎರಡು ಗಿಡಕ್ಕೆ ಬಹಳ ದಿನ ಬರುತ್ತದೆ. ಬೇಸಿಗೆಯಲ್ಲಿ ನಾನು ಕುಡಿಯುವ ನೀರಿನ ಘಟಕದಿಂದ ಆರ್‌ಒ ಕ್ಯಾನ್ ತರುತ್ತೇನೆ. ಎಸಿಯಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ. ಏನೂ ಇಲ್ಲದ ದಿನ ಬೋರ್ ನೀರಿಗೆ ಸ್ವಲ್ಪ ಸ್ವಲ್ಪವೇ ಲಿಂಬು ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಪಿಎಚ್ ಪೇಪರ್ ಅದ್ದಿ ನೋಡಿ. 5.5ರ ಹತ್ತಿರ ಬಂದ ಮೇಲೆ ಹಾಕಿ. ಅಂದಾಜಿನ ಮೇಲೆ ಸುರಿಯಬೇಡಿ.

ಗೊಬ್ಬರಕ್ಕೆ ಅಮೋನಿಯಂ ಸಲ್ಫೇಟ್, ತಿಂಗಳಿಗೊಮ್ಮೆ ಕಾಲು ಚಮಚ, ನೀರಲ್ಲಿ ಕರಗಿಸಿ. ತಿಪ್ಪೆಗೊಬ್ಬರ, ಬೂದಿ, ಮೊಟ್ಟೆ ಸಿಪ್ಪೆ ಬೇಡವೇ ಬೇಡ.

ಬಿಸಿಲಿನ ಬಗ್ಗೆ ನಿಮ್ಮ ಭಯ ಪೂರ್ತಿ ತಪ್ಪೂ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ಮುಟ್ಟುವ ಊರು ನಿಮ್ಮದು. ಬೆಳಗಿನ ಬಿಸಿಲು ಬೀಳಲಿ, ಮಧ್ಯಾಹ್ನ ಗೋಡೆಯ ನೆರಳು ಅಥವಾ ಹಸಿರು ನೆರಳು ಪರದೆ ಇರಲಿ. ತಳಿಯನ್ನೂ ವಿಚಾರಿಸಿ. ಚಳಿದೇಶದ ತಳಿಗೆ 7 ಡಿಗ್ರಿಗಿಂತ ಕೆಳಗಿನ ಚಳಿ 800 ಗಂಟೆಯಾದರೂ ಬೇಕು, ನಮ್ಮಲ್ಲಿ ಅದು ಸಿಗುವ ಮಾತಲ್ಲ. ಬಿಲೋಕ್ಸಿ, ಮಿಸ್ಟಿ ತಳಿಗಳಿಗೆ ಚಳಿ ಕಡಿಮೆ ಸಾಕು. ನನ್ನ ಈಗಿನ ಗಿಡ ಬಿಲೋಕ್ಸಿ. ಎರಡನೇ ವರ್ಷ ಎರಡು ಹಿಡಿ ಹಣ್ಣು ಕೊಟ್ಟಿತು. ಬಣ್ಣ ನೀಲಿಯಾದ ಕೂಡಲೇ ಕಿತ್ತರೆ ಹುಳಿ, ಇನ್ನೂ ನಾಲ್ಕೈದು ದಿನ ಬಿಟ್ಟರೆ ಸಿಹಿ.

ಬೆಳಗಾವಿ ಕಡೆಯ ಖಾನಾಪುರದ ಹುಳಿ ಗುಣದ ಕೆಂಪು ಮಣ್ಣಿನವರು ಕೇಳಿದ್ದರೆ ನೆಲದಲ್ಲೇ ಪ್ರಯತ್ನಿಸಿ ಅನ್ನುತ್ತಿದ್ದೆ. ನಿಮ್ಮ ಹಿತ್ತಲ ಆ ಖಾಲಿ ಗುಣಿಗೆ ಒಂದು ನೇರಳೆ ಸಸಿ ಹಾಕಿ. ಅದೂ ನೀಲಿ ಹಣ್ಣೇ, ಎರೆ ಮಣ್ಣಿಗೂ ಹೊಂದಿಕೊಳ್ಳುತ್ತದೆ.

ಕುಂಡಕ್ಕೆ ಬದಲಿಸಿದ ಮೇಲೆ ಹಳೆಯ ಹಳದಿ ಎಲೆ ನೋಡುತ್ತಾ ಕೂರಬೇಡಿ, ಅವುಗಳಲ್ಲಿ ಹಲವು ಉದುರುತ್ತವೆ. ಹೊಸ ಚಿಗುರು ಹಸಿರಾಗಿ ಬಂತಾ ಅಂತ ನೋಡಿ. ನನ್ನ ಗಿಡದಲ್ಲಿ ಅದು ಕಾಣಿಸಲು ಆರು ವಾರ ಹಿಡಿಯಿತು.