ಟೊರಾಂಟೊದಲ್ಲಿ ಸಂಗೀತ ಕೇಳಲು ಹೋದರೆ ಗಾಂಜಾ ಹೊಗೆಯನ್ನೂ ಸಹಿಸಬೇಕಾ?

ಬೇಸಿಗೆಯ ಬಯಲು ಸಂಗೀತ ಕಾರ್ಯಕ್ರಮಕ್ಕೆ ಮಗಳನ್ನು ಕರೆದುಕೊಂಡು ಹೋಗಬಹುದಾ, ಅಲ್ಲಿ ಗಾಂಜಾ ಸೇದುವವರನ್ನು ಯಾರೂ ಕೇಳುವುದಿಲ್ಲವಂತೆ ಹೌದಾ ಅಂತ ಕೇಳಿದ್ದೀರಿ. ಖಂಡಿತ ಕರೆದುಕೊಂಡು ಹೋಗಿ. ಆದರೆ ಜಾಗ ನೋಡಿ ಟಿಕೆಟ್ ತೆಗೆಯಿರಿ.

ಕೆನಡಾದಲ್ಲಿ ಗಾಂಜಾಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 2018ರ ಅಕ್ಟೋಬರ್ 17ಕ್ಕೆ. ಹಾಗಂತ ಎಲ್ಲಿ ಬೇಕಾದರೂ ಸೇದುವಂತಿಲ್ಲ. ಅದನ್ನು ಆಯಾ ಪ್ರಾಂತ್ಯವೇ ತೀರ್ಮಾನಿಸುತ್ತದೆ. ನಮ್ಮ ಒಂಟಾರಿಯೊದಲ್ಲಿ ಸಿಗರೇಟಿನ ನಿಯಮವೇ ಹೆಚ್ಚುಕಡಿಮೆ ಗಾಂಜಾಕ್ಕೂ. ಮ್ಯಾಸಿ ಹಾಲ್‌ನಂಥ ಸಭಾಂಗಣದ ಒಳಗೆ ಸೇದುವಂತಿಲ್ಲ, ವೇಪ್ (ಇ-ಸಿಗರೇಟಿನಂಥದ್ದು) ಕೂಡ ಇಲ್ಲ. ಬಾರ್ ಹೊರಗಿನ ಪ್ಯಾಟಿಯೊದಲ್ಲಿ ಬ್ಯಾಂಡ್ ನುಡಿಸುತ್ತಿದ್ದರೆ ಅಲ್ಲೂ ಇಲ್ಲ, ಅದರಿಂದ 9 ಮೀಟರ್ ಒಳಗೂ ಇಲ್ಲ. ಬಯಲು ರಂಗದ ರಿಸರ್ವ್ಡ್ ಸೀಟುಗಳಲ್ಲೂ ನಿಷೇಧ. ಮೊದಲ ಸಲ ಸಿಕ್ಕಿಬಿದ್ದರೇ 1,000 ಡಾಲರ್‌ವರೆಗೆ ದಂಡ ಹಾಕಬಹುದು.

ತೊಂದರೆ ಇರುವುದು ಹುಲ್ಲುಹಾಸಿನ ಮೇಲೆ ಕೂರುವ ಅಗ್ಗದ ಟಿಕೆಟಿನಲ್ಲಿ. ರಿಸರ್ವ್ಡ್ ಸೀಟಿನ ನಿಯಮ ಅಲ್ಲಿಗೆ ತಲುಪುವುದಿಲ್ಲ. ಕಾರ್ಯಕ್ರಮ ನಡೆಸುವವರೇ ಪೂರ್ತಿ ಬೇಡ ಅಂದಿರಬಹುದು, ಸೇದುವವರಿಗೆ ಒಂದು ಮೂಲೆ ಬಿಟ್ಟಿರಲೂಬಹುದು. ಬೇಡ ಅಂದರೂ, ಕತ್ತಲಾಗಿ ಜನ ಎದ್ದು ಕುಣಿಯತೊಡಗಿದ ಮೇಲೆ ಹಚ್ಚಿದವರು ಯಾರು ಅಂತ ಹುಡುಕುವುದು ಸುಲಭವಲ್ಲ. ಸೇದುವುದು ಬಿಡುವುದು ದೊಡ್ಡವರ ಇಷ್ಟ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಜಾಸ್ತಿ ದುಡ್ಡು ಕೊಟ್ಟವರ ಮಕ್ಕಳಿಗೆ ಮಾತ್ರ ಒಳ್ಳೆ ಗಾಳಿ ಅನ್ನುವುದು ಸರಿಯಲ್ಲ. ಕಾನೂನು ಹುಲ್ಲುಹಾಸಿಗೂ ಬರಬೇಕು. ಅಲ್ಲಿಯವರೆಗೆ ಹತ್ತು ಇಪ್ಪತ್ತು ಡಾಲರ್ ಹೆಚ್ಚಾದರೂ ಸೀಟೇ ತೆಗೆದುಕೊಳ್ಳಿ. ಪಕ್ಕದವರು ಹಚ್ಚಿದರೆ ನೀವೇ ವಾದಕ್ಕೆ ನಿಲ್ಲಬೇಡಿ, ಅಲ್ಲಿನ ಸಿಬ್ಬಂದಿಗೆ ಹೇಳಿ.

ಮಾಂಟ್ರಿಯಲ್‌ಗೆ ಹೋದರೆ ಲೆಕ್ಕವೇ ಬೇರೆ. ಅದಿರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಬೀದಿ, ಪಾರ್ಕು ಸೇರಿ ಸಾರ್ವಜನಿಕ ಜಾಗದಲ್ಲಿ ಸೇದುವಂತೆಯೇ ಇಲ್ಲ. ಕೊಳ್ಳಲು ಇಲ್ಲಿ 19 ವರ್ಷ ಆಗಿದ್ದರೆ ಸಾಕು, ಅಲ್ಲಿ 21 ಆಗಿರಬೇಕು.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳಲೇಬೇಕು. ಕಾರ್ಯಕ್ರಮ ಮುಗಿಸಿ ವಾಪಸು ಬರುವಾಗ ಗಾಂಜಾ ಸೇದಿದವರ ಕೈಗೆ ಸ್ಟಿಯರಿಂಗ್ ಕೊಡಬೇಡಿ. ನಶೆಯಲ್ಲಿ ಗಾಡಿ ಓಡಿಸುವುದು 2018ರ ಡಿಸೆಂಬರ್‌ನಿಂದ ವಲಸೆ ಕಾನೂನಿನ ಪ್ರಕಾರ ಗಂಭೀರ ಅಪರಾಧ. ಶಿಕ್ಷೆಯಾದರೆ ನಮ್ಮಂಥ ವಲಸಿಗರ ಪಿಆರ್‌ಗೇ (ಇಲ್ಲಿ ಕಾಯಂ ಆಗಿ ನೆಲೆಸುವ ಅನುಮತಿಗೇ) ಕುತ್ತು ಬರಬಹುದು. ಗೆಳೆಯರ ಜೊತೆ ಗಡಿಯಾಚೆ ಅಮೆರಿಕದ ಬಫಲೋಗೆ ಸಂಗೀತ ಕೇಳಲು ಹೊರಟರೆ ಕಾರಿನಲ್ಲಿ ಯಾರ ಬಳಿಯೂ ಗಾಂಜಾ ಇಲ್ಲ ಅಂತ ಮೊದಲೇ ಕೇಳಿಕೊಳ್ಳಿ. ನ್ಯೂಯಾರ್ಕ್ ರಾಜ್ಯದಲ್ಲೂ ಅದಕ್ಕೆ ಒಪ್ಪಿಗೆ ಇದೆ, ನಿಜ. ಆದರೆ ಗಡಿ ದಾಟಿಸುವುದು ಎರಡೂ ದೇಶಗಳಲ್ಲಿ ಅಪರಾಧ.