ಐದು ಮತ್ತು ಎರಡು ವರ್ಷದ ಮಕ್ಕಳ ಜೊತೆ ಮುರ್ಡೇಶ್ವರದ ರಾಜಗೋಪುರ ಹತ್ತಬಹುದಾ?

ಧಾರಾಳವಾಗಿ ಹತ್ತಬಹುದು. ಶಿರಸಿಯಿಂದ ಬರುತ್ತಿದ್ದೇವೆ, ಅಷ್ಟು ಎತ್ತರದಲ್ಲಿ ಮಕ್ಕಳು ಹೆದರುತ್ತಾರಾ ಎಂದು ಕೇಳಿದ್ದೀರಿ. ನಾನು ಹೊನ್ನಾವರದವಳು. ನೆಂಟರು ಬಂದಾಗ ಅವರ ಮಕ್ಕಳ ದಂಡು ಕಟ್ಟಿಕೊಂಡು ಮುರ್ಡೇಶ್ವರಕ್ಕೆ ಹೋಗುವ ಕೆಲಸ ನನ್ನ ಪಾಲಿಗೇ ಬರುತ್ತದೆ. ಮೇಲೆ ಹೋಗಿ ಹೆದರಿದ ಮಕ್ಕಳನ್ನು ಕಂಡದ್ದು ಕಡಿಮೆ. ಕೆಳಗೆ ಲಿಫ್ಟಿನ ಸಾಲಿನಲ್ಲಿ ನಿಂತು ನಿಂತು ಅತ್ತವರೇ ಜಾಸ್ತಿ.

ಗೋಪುರಕ್ಕೆ 20 ಅಂತಸ್ತು, ಎತ್ತರ ಸುಮಾರು 237 ಅಡಿ. ಟಿಕೆಟ್ ತಗೊಂಡರೆ ಲಿಫ್ಟ್ 18ನೇ ಅಂತಸ್ತಿನವರೆಗೆ ಒಯ್ಯುತ್ತದೆ. ಅಲ್ಲಿ ಬಯಲು ತಾರಸಿ ಇಲ್ಲ. ಗೋಪುರದ ಒಳಗೇ ನಿಂತು ಕಿಟಕಿಯಿಂದ ನೋಡಬೇಕು. ಹಾಗಾಗಿ ಬೀಳುವ ಚಿಂತೆಗಿಂತ, ಮಕ್ಕಳಿಗೆ ಕಾಣುವುದಿಲ್ಲ ಎಂಬ ಚಿಂತೆ ದೊಡ್ಡದು. ಎರಡು ವರ್ಷದವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ತೋರಿಸಬೇಕು. ಐದರವಳೂ ‘ನನ್ನನ್ನೂ ಎತ್ತು’ ಅನ್ನುತ್ತಾಳೆ. ಮಗುವಿಗೊಬ್ಬರಂತೆ ದೊಡ್ಡವರಿದ್ದರೆ ಒಳ್ಳೆಯದು.

ಬಂದ ಕೂಡಲೇ ಮೇಲೆ ಓಡಬೇಡಿ, ಸಾಲು ಚಿಕ್ಕದಿದ್ದರೂ ಸರಿ. ಮೊದಲು ಗೋಪುರದ ಬುಡದಲ್ಲಿರುವ ಎರಡು ಕಾಂಕ್ರೀಟ್ ಆನೆಗಳನ್ನು ತೋರಿಸಿ. ಆಮೇಲೆ ಕಂದುಕ ಗುಡ್ಡದ ಮೇಲಿನ 123 ಅಡಿಯ ಶಿವನ ಪಾದದ ಹತ್ತಿರ ಹೋಗಿ. ಕತ್ತು ನೋಯುವಷ್ಟು ತಲೆ ಎತ್ತಿ ನೋಡಿದ ಮೇಲೆ ಗೋಪುರ ಹತ್ತಿದರೆ ಅದೇ ಶಿವ ಕಿಟಕಿಯ ಎದುರಿಗೇ ಕೂತಿರುತ್ತಾನೆ. ಆಗ ಮಕ್ಕಳ ಮುಖ ನೋಡಬೇಕು! ‘ಸಮುದ್ರ ಎಷ್ಟು ಚಂದ ಅಲ್ವಾ’ ಅಂದರೆ ಐದು ವರ್ಷದ ಮಗುವಿಗೆ ಏನೂ ಅನಿಸುವುದಿಲ್ಲ. ‘ನಮ್ಮ ಕಾರು ಎಲ್ಲಿದೆ ಹುಡುಕು’ ಅನ್ನಿ, ‘ದೋಣಿ ಎಷ್ಟಿವೆ ಎಣಿಸು’ ಅನ್ನಿ. ಕಿಟಕಿ ಬಿಟ್ಟು ಬರುವುದೇ ಇಲ್ಲ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ನೇತ್ರಾಣಿ ದ್ವೀಪವೂ ಕಾಣುತ್ತದೆ.

ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಶಿವ ಪೂರ್ವಕ್ಕೆ ಮುಖ ಮಾಡಿ ಕೂತಿದ್ದಾನೆ, ಬೆಳಗಿನ ಬಿಸಿಲು ನೇರ ಅವನ ಮೇಲೆ ಬೀಳುತ್ತದೆ. ಸಂಜೆಯಾದರೆ ಸೂರ್ಯ ಅವನ ಬೆನ್ನಿಗಿರುತ್ತಾನೆ, ಫೋಟೋದಲ್ಲಿ ಬರೀ ಕಪ್ಪು. ಮಧ್ಯಾಹ್ನವಂತೂ ಬೇಡವೇ ಬೇಡ. ಚಪ್ಪಲಿ ಬಿಟ್ಟು ನಡೆಯುವ ಜಾಗದಲ್ಲಿ ನೆಲ ಕಾದಿರುತ್ತದೆ, ದೇವಸ್ಥಾನವೂ ಬಾಗಿಲು ಹಾಕಿರುತ್ತದೆ. ಶನಿವಾರ, ಭಾನುವಾರ ಮತ್ತು ಶಾಲೆಗಳ ಪ್ರವಾಸದ ಬಸ್ಸು ಬರುವ ಡಿಸೆಂಬರ್ ತಪ್ಪಿಸಿದರೆ ಅರ್ಧ ಗೆದ್ದಂತೆ.

ಹೆದರಿಕೆ ಅಂತ ಆಗುವುದಾದರೆ ಅದು ಶಿವನ ಮೂರ್ತಿಯ ಕೆಳಗಿನ ಗುಹೆಯಲ್ಲಿ. ಒಳಗೆ ಮಬ್ಬು ಬೆಳಕು, ರಾವಣ ಆತ್ಮಲಿಂಗ ತಂದ ಕಥೆಯ ದೊಡ್ಡ ದೊಡ್ಡ ಗೊಂಬೆಗಳು. ಹುಡುಗನ ವೇಷದ ಗಣಪತಿ ರಾವಣನಿಗೆ ಟೋಪಿ ಹಾಕುವುದು ದೊಡ್ಡವಳಿಗೆ ಭಾರೀ ಇಷ್ಟವಾಗಬಹುದು. ಕಥೆಯನ್ನು ಬರುವ ದಾರಿಯಲ್ಲೇ ಹೇಳಿಬಿಡಿ, ಹೇಗೂ ಘಟ್ಟ ಇಳಿಯುವಾಗ ಅವರನ್ನು ಮಾತಲ್ಲಿ ಹಿಡಿದಿಡಬೇಕಲ್ಲ. ಚಿಕ್ಕವನು ಅಳಲು ಶುರು ಮಾಡಿದರೆ ಒಬ್ಬರು ಅವನ ಜೊತೆ ಹೊರಗೇ ಇರಿ.

ಮಳೆಗಾಲದಲ್ಲಿ ಬಂದರೆ ಗೋಪುರ ಸರಿ, ನೀರಿಗಿಳಿಯುವ ಮಾತು ಬೇಡ. ಆಗ ನಮ್ಮ ಕಡಲಿನ ಸೆಳೆತ ದೊಡ್ಡವರನ್ನೂ ಬಿಡುವುದಿಲ್ಲ. ಮಕ್ಕಳು ಎಷ್ಟೇ ಹಟ ಮಾಡಲಿ, ದಡದಿಂದಲೇ ನೋಡಿ.

ಲಿಫ್ಟಿನ ಸಾಲು ಹನುಮಂತನ ಬಾಲದ ಹಾಗಿದ್ದರೆ ಸುಮ್ನೆ ಬಿಟ್ಟುಬಿಡಿ. ಮೇಲಿನ ಹತ್ತು ನಿಮಿಷಕ್ಕಾಗಿ ಕೆಳಗೆ ಒಂದೂವರೆ ಗಂಟೆ ಎರಡು ವರ್ಷದ ಮಗುವನ್ನು ನಿಲ್ಲಿಸುವಂಥದ್ದು ಏನಿಲ್ಲ. ಶಿವ ಕೆಳಗಿಂದಲೂ ಕಾಣುತ್ತಾನೆ. ವಾಪಸ್ ಹೋಗುವಾಗ ಹೊನ್ನಾವರಕ್ಕೆ ಮೊದಲು ಕಾಸರಕೋಡಿನಲ್ಲಿ ಶರಾವತಿ ಹಿನ್ನೀರಿನ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಓಡಾಡಲು ಮರದ ಹಾದಿ ಮಾಡಿದ್ದಾರೆ. ಅಲ್ಲಿ ಇಬ್ಬರನ್ನೂ ನಡೆಯಲು ಬಿಡಿ, ಕೈ ಮಾತ್ರ ಹಿಡಿದುಕೊಂಡಿರಿ.