ನಮ್ಮ ಕನ್ನಡ ತರಬೇತಿ ಪಾಠಗಳನ್ನು ಬೇರೆ ಆಸ್ಪತ್ರೆಗಳ ಎಲ್‌ಎಂಎಸ್‌ಗೂ ಕೊಡುವುದು ಹೇಗೆ?

ಪಾಠಗಳ ಜಿಪ್ ಫೈಲನ್ನು ಇನ್ನೂ ಯಾರಿಗೂ ಮೇಲ್ ಮಾಡಿಲ್ಲ ತಾನೆ? ಮಾಡಿಲ್ಲ ಎಂದುಕೊಂಡೇ ಬರೆಯುತ್ತೇನೆ.

ನಿಮ್ಮ ಪ್ರಶ್ನೆಯಿಂದ ನನಗೆ ಅರ್ಥವಾದದ್ದು ಇಷ್ಟು. ನರ್ಸ್‌ಗಳಿಗೂ ವಾರ್ಡ್ ಸಿಬ್ಬಂದಿಗೂ ಸೋಂಕು ನಿಯಂತ್ರಣದ ಬಗ್ಗೆ ಹನ್ನೊಂದು ಪುಟ್ಟ ಪಾಠಗಳನ್ನು ಸ್ಟೋರಿಲೈನ್ ಎಂಬ ಪಾಠ ತಯಾರಿಸುವ ತಂತ್ರಾಂಶದಲ್ಲಿ, ಕನ್ನಡದಲ್ಲೇ ಮಾಡಿದ್ದೀರಿ. ನಿಮ್ಮ ಆಸ್ಪತ್ರೆಯಲ್ಲಿ ಮೂಡಲ್ ಎಂಬ ಎಲ್‌ಎಂಎಸ್ ಇದೆ, ಅಂದರೆ ಪಾಠ ತೋರಿಸಿ ಅಂಕ ದಾಖಲಿಸುವ ತಂತ್ರಾಂಶ. ಇನ್ನೆರಡು ಆಸ್ಪತ್ರೆಯವರು 'ನಮಗೂ ಕೊಡಿ' ಅಂತ ಹಿಂದೆ ಬಿದ್ದಿದ್ದಾರೆ, ಅವರ ಎಲ್‌ಎಂಎಸ್ ಬೇರೆ. ಪಬ್ಲಿಶ್ ಒತ್ತಿದರೆ ಸ್ಕಾರ್ಮ್ 1.2, ಸ್ಕಾರ್ಮ್ 2004, ಎಕ್ಸ್‌ಎಪಿಐ, ಸಿಎಂಐ5 ಎಂದು, ಪಾಠ ಎಲ್‌ಎಂಎಸ್ ಜೊತೆ ಮಾತಾಡುವ ಮಾದರಿಗಳ ಪಟ್ಟಿ ತೆರೆದುಕೊಳ್ಳುತ್ತದೆ. ಯಾವುದನ್ನು ಆರಿಸುವುದು, ಹೇಗೆ ಹಂಚುವುದು? ನಾನು ಹತ್ತು ವರ್ಷದಿಂದ ಕಂಪನಿಗಳ ತರಬೇತಿ ಪಾಠಗಳನ್ನು ಮೂಡಲ್‌ಗೆ ಏರಿಸುವ, ಏರಿಸಿದ ಮೇಲೆ ಬರುವ ಫೋನುಗಳಿಗೆ ಉತ್ತರ ಕೊಡುವ ಕೆಲಸದಲ್ಲಿದ್ದೇನೆ. ಎರಡನೆಯದೇ ಜಾಸ್ತಿ.

ಚಿಕ್ಕ ಉತ್ತರ: ನಿಮ್ಮ ಮೂಡಲ್‌ಗೆ ಸ್ಕಾರ್ಮ್ 1.2. ಹೊರಗಿನವರಿಗೆ ಜಿಪ್ ಕೊಡಬೇಡಿ, ನಿಮ್ಮ ಮೂಡಲ್‌ನಲ್ಲಿರುವ ಪಾಠಕ್ಕೇ ಬರುವ ದಾರಿ ಕೊಡಿ.

1.2 ಯಾಕೆಂದರೆ, ಮೂಡಲ್ ಸರಿಯಾಗಿ ಓಡಿಸುವುದು ಅದನ್ನೇ. 2004 ಹೊಸದು, ಹಾಗಾಗಿ ಉತ್ತಮ ಇರಬೇಕು ಎಂದು ಅನೇಕರು ಅದನ್ನು ಒತ್ತುತ್ತಾರೆ. ಆದರೆ ಮೂಡಲ್ ಅದಕ್ಕೆ ಪೂರ್ಣ ಬೆಂಬಲ ಕೊಡುವುದೇ ಇಲ್ಲ. ಎಕ್ಸ್‌ಎಪಿಐ ಒಳ್ಳೆಯದೇ, ಎಲ್‌ಎಂಎಸ್‌ನ ಹೊರಗೆ ನಡೆದ ಕಲಿಕೆಯನ್ನೂ ದಾಖಲಿಸಬಲ್ಲದು. ಆದರೆ ಆ ದಾಖಲೆಗಳನ್ನು ತುಂಬಿಡಲು ಬೇರೆಯೇ ಒಂದು ಕಣಜ ಬೇಕು, ಅದನ್ನು ನೋಡಿಕೊಳ್ಳಲು ಒಬ್ಬರು ಬೇಕು. ಹನ್ನೊಂದು ಪಾಠಕ್ಕೆ ಅಷ್ಟು ಬೇಡ. ಸ್ಕಾರ್ಮ್ ಹುಟ್ಟಿದ್ದು ಅಮೆರಿಕದ ರಕ್ಷಣಾ ಇಲಾಖೆಯ ಎಡಿಎಲ್ ಯೋಜನೆಯಲ್ಲಿ, ಒಂದು ಕಡೆ ಮಾಡಿಸಿದ ಪಾಠ ಇನ್ನೊಂದು ಕಡೆಯೂ ಓಡಲಿ ಎಂದು. 1.2 ಆವೃತ್ತಿ ಬಂದದ್ದು 2001ರಲ್ಲಿ. ಅದರ ಜೊತೆ ಮೆರೆಯುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ಮಣ್ಣಾಯಿತು, ಇದು ಮಾತ್ರ ಹಳೇ ಅಂಬಾಸಿಡರ್ ಕಾರಿನ ಹಾಗೆ ಓಡುತ್ತಲೇ ಇದೆ.

ಸ್ಟೋರಿಲೈನ್ ಕೊಡುವ ಜಿಪ್‌ನ ಒಳಗೆ ಐಎಂಎಸ್‌ಮ್ಯಾನಿಫೆಸ್ಟ್ ಎಂಬ ಎಕ್ಸ್‌ಎಂಎಲ್ ಫೈಲ್ ಇರುತ್ತದೆ. ಎಲ್‌ಎಂಎಸ್ ಮೊದಲು ಹುಡುಕುವುದು ಅದನ್ನೇ, ಅದೂ ಹೊಸಿಲಲ್ಲೇ. ಸ್ಟೋರಿಲೈನ್ ಕೊಟ್ಟ ಜಿಪ್ಪನ್ನು ಹಾಗೇ ಏರಿಸಿದರೆ ತೊಂದರೆ ಇಲ್ಲ. ಯಾರೋ ಅದನ್ನು ಬಿಚ್ಚಿ, ಒಂದು ಚಿತ್ರ ಬದಲಿಸಿ, ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಮತ್ತೆ ಜಿಪ್ ಮಾಡುತ್ತಾರೆ ನೋಡಿ, ಆಗ ಆ ಫೈಲ್ ಒಂದು ಫೋಲ್ಡರ್ ಒಳಕ್ಕೆ ಹೋಗಿಬಿಡುತ್ತದೆ, ಎಲ್‌ಎಂಎಸ್ 'ಇದು ಸರಿಯಾದ ಪ್ಯಾಕೇಜ್ ಅಲ್ಲ' ಎನ್ನುತ್ತದೆ. ಫೋಲ್ಡರ್ ಒಳಗೆ ಹೋಗಿ ಎಲ್ಲವನ್ನೂ ಸೆಲೆಕ್ಟ್ ಮಾಡಿ ಜಿಪ್ ಮಾಡಬೇಕು. ಇದೊಂದೇ ತಪ್ಪಿಗೆ ನನಗೆ ಬಂದ ಫೋನುಗಳ ಲೆಕ್ಕ ಇಟ್ಟಿಲ್ಲ. ಫೈಲಿನ ಹೆಸರುಗಳು ಇಂಗ್ಲಿಷ್ ಅಕ್ಷರದಲ್ಲೇ ಇರಲಿ, ನಡುವೆ ಖಾಲಿ ಜಾಗ ಬೇಡ. ಅಭಿಮಾನ ಪಾಠದೊಳಗೆ ಸಾಕು. ಇನ್ನು ಫೈಲ್ ದೊಡ್ಡದು ಅಂತ ಮೂಡಲ್ ತಿರಸ್ಕರಿಸಿದರೆ ಅದರ ಮೇಲೆ ಸಿಟ್ಟಾಗಬೇಡಿ. ಮೂಡಲ್‌ನ ಅಡಿಪಾಯವಾದ ಪಿಎಚ್‌ಪಿಯಲ್ಲಿ ಒಂದು ಫೈಲಿಗೆ ಮೂಲತಃ ಇರುವ ಮಿತಿ 2 ಎಂಬಿ ಮಾತ್ರ, ಸರ್ವರ್ ನೋಡಿಕೊಳ್ಳುವವರು ಅದನ್ನು ಹೆಚ್ಚಿಸಬೇಕು.

ಹನ್ನೊಂದನ್ನೂ ಸೇರಿಸಿ ಒಂದೇ ಪ್ಯಾಕೇಜ್ ಮಾಡಬೇಡಿ. ಕಲಿಯುವವರು ಎಲ್ಲಿಗೆ ನಿಲ್ಲಿಸಿದ್ದಾರೆ ಎಂಬುದನ್ನು ನೆನಪಿಡಲು 1.2ರಲ್ಲಿ ಸಿಗುವ ಜಾಗ 4,096 ಅಕ್ಷರ ಅಷ್ಟೇ. ಉದ್ದದ ಪಾಠದಲ್ಲಿ ಅದು ತುಂಬಿ, ಮೂವತ್ತನೇ ಸ್ಲೈಡಿನಲ್ಲಿ ಬಿಟ್ಟವರು ಮತ್ತೆ ತೆರೆದಾಗ ಹದಿನೆಂಟಕ್ಕೋ ಇಪ್ಪತ್ತಕ್ಕೋ ಬಂದು ನಿಲ್ಲುತ್ತಾರೆ. ನೈಟ್ ಡ್ಯೂಟಿಯ ನಡುವೆ ಹತ್ತು ನಿಮಿಷ ಕದ್ದು ಪಾಠ ನೋಡುವ ನರ್ಸ್‌ಗೆ ಇದಾದರೆ ಆಕೆ ಇನ್ನೊಮ್ಮೆ ತೆರೆಯುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ. 'ಮುಗಿಸಿದರು' ಎಂದರೆ ಏನು? ಸ್ಟೋರಿಲೈನ್‌ನಲ್ಲಿ ಇದನ್ನು ನೀವೇ ತೀರ್ಮಾನಿಸಿ ಹೇಳಬೇಕು: ಇಷ್ಟು ಸ್ಲೈಡ್ ನೋಡಿದರೆ ಮುಗಿದಂತೆಯೋ, ಕ್ವಿಜ್ ಪಾಸಾದರೆ ಮುಗಿದಂತೆಯೋ. ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಗೆ ಬೆಂಕಿ ಸುರಕ್ಷತೆಯ ಪಾಠ ಮಾಡಿದ್ದೆವು. ಇಪ್ಪತ್ನಾಲ್ಕು ಸ್ಲೈಡ್. ಇಪ್ಪತ್ನಾಲ್ಕೂ ನೋಡಿದರೆ ಪೂರ್ಣ ಎಂದು ನಾನೇ ಇಟ್ಟಿದ್ದೆ. ಇಪ್ಪತ್ಮೂರನೆಯದರಲ್ಲಿ ಕ್ವಿಜ್ ಅಂಕ ಬರುತ್ತದೆ, ಕೊನೆಯದು 'ಧನ್ಯವಾದಗಳು' ಎಂಬ ಖಾಲಿ ಸ್ಲೈಡ್. ಅಂಕ ಕಂಡ ಮೇಲೆ ಧನ್ಯವಾದ ಹೇಳಿಸಿಕೊಳ್ಳಲು ಯಾರು ಕಾಯುತ್ತಾರೆ? ಎಲ್ಲರೂ ಕಿಟಕಿ ಮುಚ್ಚಿ ಎದ್ದು ಹೋದರು. ರಿಪೋರ್ಟಿನ ತುಂಬಾ 'ಅಪೂರ್ಣ'. ಶಿಫ್ಟ್ ಸೂಪರ್‌ವೈಸರ್ ಫೋನ್ ಮಾಡಿ, "ಸಾರ್, ನಮ್ ಹುಡುಗ್ರೆಲ್ಲಾ ಮುಗ್ಸವ್ರೆ, ನಿಮ್ ಕಂಪ್ಯೂಟ್ರೊಂದೇ ಮುಗ್ಸಿಲ್ಲ ಅಂತೈತೆ" ಎಂದರು. ಅವರ ಮಾತೇ ಸರಿ.

ಹಾಗಾಗಿ ನಿಮ್ಮ ಪಾಠಗಳಿಗೆ ಕ್ವಿಜ್ ಫಲಿತಾಂಶವನ್ನೇ ಅಳತೆಗೋಲು ಮಾಡಿ, ವರದಿಯ ಪದಗಳಲ್ಲಿ 'ಪಾಸ್ಡ್/ಇನ್‌ಕಂಪ್ಲೀಟ್' ಆರಿಸಿ. ಮೂಡಲ್‌ನ ಆಕ್ಟಿವಿಟಿ ಕಂಪ್ಲೀಷನ್‌ನಲ್ಲೂ 'ಪಾಸ್ಡ್' ಎಂದೇ ಟಿಕ್ ಹಾಕಿ. ಪಾಠ ಒಂದು ಪದ ಕಳಿಸಿ, ಮೂಡಲ್ ಇನ್ನೊಂದು ಪದಕ್ಕೆ ಕಾಯುತ್ತಿದ್ದರೆ ಕೋರ್ಸ್ ಯಾವ ಜನ್ಮಕ್ಕೂ ಮುಗಿಯುವುದಿಲ್ಲ. 1.2ರಲ್ಲಿ ಮುಗಿಸಿದ್ದಕ್ಕೂ ಪಾಸಾದದ್ದಕ್ಕೂ ಇರುವುದು ಒಂದೇ ಖಾನೆ ಎಂಬುದನ್ನು ನೆನಪಿಡಿ. ಫೋನಿನಲ್ಲಿ ಮೂಡಲ್ ಆ್ಯಪ್ ಬಳಸುತ್ತಾರೆ ಎಂದಾದರೆ, ಸ್ಕಾರ್ಮ್ ಸೆಟ್ಟಿಂಗಿನಲ್ಲಿ ಪ್ಯಾಕೇಜ್ ಡೌನ್‌ಲೋಡ್‌ಗೆ ಹಾಕಿರುವ ರಕ್ಷಣೆ ತೆಗೆಯಬೇಕು. ಇಲ್ಲದಿದ್ದರೆ ಆ್ಯಪ್‌ಗೆ ಪಾಠ ಇಳಿಯುವುದಿಲ್ಲ.

ಪರೀಕ್ಷಿಸುವಾಗ ನಿಮ್ಮ ಅಡ್ಮಿನ್ ಲಾಗಿನ್‌ನಿಂದ ನೋಡಿ 'ಓಡ್ತಿದೆ' ಎನ್ನಬೇಡಿ. ವಿದ್ಯಾರ್ಥಿ ಖಾತೆಯೊಂದನ್ನು ಮಾಡಿ, ಒಂದು ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ, ವೈಫೈ ಆಫ್ ಮಾಡಿ, ನಡುವೆ ಬಿಟ್ಟು, ಮತ್ತೆ ಬಂದು, ಬೇಕಂತಲೇ ನಪಾಸಾಗಿ ನೋಡಿ. ಪಾಸಾಗುವ ದಾರಿಯನ್ನು ಎಲ್ಲರೂ ಪರೀಕ್ಷಿಸುತ್ತಾರೆ, ನಪಾಸಾಗುವ ದಾರಿಯಲ್ಲೇ ಗುಂಡಿಗಳಿರುವುದು.

ಕನ್ನಡದ್ದೇ ಆದ ಒಂದು ತಕರಾರು ಹೇಳಿಬಿಡುತ್ತೇನೆ, ಇಂಗ್ಲಿಷಿನಲ್ಲಿ ಬರೆದ ಯಾವ ಮಾರ್ಗದರ್ಶಿಯಲ್ಲೂ ನಾನು ಕಂಡಿಲ್ಲ. ಬಿಟ್ಟ ಸ್ಥಳ ತುಂಬುವ ಪ್ರಶ್ನೆಗೆ ಸರಿಯುತ್ತರ 'ಹ್ಯಾಂಡ್‌ರಬ್' (ಕೈಗೆ ಹಚ್ಚುವ ಸ್ಯಾನಿಟೈಸರ್) ಎಂದು ಕೊಟ್ಟಿದ್ದೀರಿ ಎಂದುಕೊಳ್ಳಿ. ಆ ಪದದ 'ಡ್' ಮತ್ತು 'ರ' ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಅಕ್ಷರ ಕೂತಿದೆ, ಒತ್ತಕ್ಷರ ಆಗದಂತೆ ತಡೆಯಲು. ನರ್ಸ್ ತಮ್ಮ ಫೋನಿನಲ್ಲಿ ಅದಿಲ್ಲದೆ 'ಹ್ಯಾಂಡ್ರಬ್' ಎಂದು ಒತ್ತುತ್ತಾರೆ. ಓದುವವರಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಉತ್ತರ ತಪ್ಪು! ಅಂಕಿಗಳದ್ದೂ ಇದೇ ಕತೆ, ಒಬ್ಬರು 20 ಎಂದರೆ ಇನ್ನೊಬ್ಬರು ೨೦ ಎನ್ನುತ್ತಾರೆ. ಆದ್ದರಿಂದ ಕನ್ನಡದಲ್ಲಿ ಟೈಪ್ ಮಾಡಿಸುವ ಪ್ರಶ್ನೆಗಳನ್ನೇ ಕೈಬಿಡಿ. 'ಹ್ಯಾಂಡ್‌ರಬ್ ಹಾಕಿ ಎಷ್ಟು ಹೊತ್ತು ಕೈ ಉಜ್ಜಬೇಕು' ಎಂದು ಕೇಳಿ ನಾಲ್ಕು ಆಯ್ಕೆ ಕೊಡಿ, ಅದರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳುವ 20ರಿಂದ 30 ಸೆಕೆಂಡ್ ಒಂದಾಗಿರಲಿ, ಸೋಪು ನೀರಿಗೆ ಹೇಳುವ 40ರಿಂದ 60 ಸೆಕೆಂಡ್ ಇನ್ನೊಂದಾಗಿರಲಿ. ಗೊಂದಲ ಆಗುವುದು ಇವೆರಡರ ನಡುವೆಯೇ ಅಲ್ಲವೇ.

ಹಳೇ ಪವರ್‌ಪಾಯಿಂಟಿನಿಂದ ಪಠ್ಯ ತಂದಿದ್ದರೆ ಅದು ನುಡಿ ಅಥವಾ ಬರಹದ ಹಳೇ ಫಾಂಟಿನದ್ದಾಗಿರಬಹುದು. ನಿಮ್ಮ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಇನ್ನೊಬ್ಬರ ಬ್ರೌಸರಿನಲ್ಲಿ ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಯೂನಿಕೋಡ್‌ಗೆ ಪರಿವರ್ತಿಸಿ, ಒಮ್ಮೆ ಕಣ್ಣಾಡಿಸಿ, ಆಮೇಲೆ ಹಾಕಿ.

ಇನ್ನು ಹಂಚುವ ಮಾತು. ಅದೇ ಕಾರ್ಖಾನೆಯಲ್ಲಿ ಸೆಕ್ಯುರಿಟಿ ಗಾರ್ಡ್‌ಗಳು ಹೊರಗಿನ ಏಜೆನ್ಸಿಯವರು. ಏಜೆನ್ಸಿಗೆ ಅದರದ್ದೇ ಎಲ್‌ಎಂಎಸ್ ಇತ್ತು. ಕೇಳಿದರು, ನಾನು ಜಿಪ್ ಕಳಿಸಿದೆ, ಅವರು ಏರಿಸಿಕೊಂಡರು, ಎಲ್ಲರಿಗೂ ಖುಷಿ. ಪಾಠದಲ್ಲಿ ಒಂದು ಫೋಟೊ ಇತ್ತು: ಹಿಂದಿನ ಗೇಟಿನ ಪಕ್ಕದ ಬೇವಿನ ಮರ, ಬೆಂಕಿ ಬಿದ್ದರೆ ಎಲ್ಲರೂ ಇಲ್ಲಿ ಸೇರಬೇಕು ಎಂದು. ಮುಂದಿನ ವರ್ಷ ಆ ಮರ ಕಡಿದು ಶೆಡ್ ಕಟ್ಟಿದರು. ಸೇರುವ ಜಾಗ ಮುಂದಿನ ಪಾರ್ಕಿಂಗ್‌ಗೆ ಬಂತು. ನಮ್ಮ ಮೂಡಲ್‌ನಲ್ಲಿ ಅದೇ ವಾರ ಸ್ಲೈಡ್ ಬದಲಿಸಿದೆ. ಏಜೆನ್ಸಿಯ ಬಳಿ ಇದ್ದ ಪ್ರತಿಯ ನೆನಪು ಯಾರಿಗೂ ಆಗಲಿಲ್ಲ, ನನಗೂ. ಅಣಕು ಕಾರ್ಯಾಚರಣೆಯ ದಿನ ಸೈರನ್ ಕೂಗಿದಾಗ ಕೆಲಸಗಾರರು ಮುಂದಕ್ಕೆ ಹೊರಟರೆ ಇಬ್ಬರು ಗಾರ್ಡ್‌ಗಳು ಕೈಬೀಸಿ ಅವರನ್ನು ಹಿಂದಕ್ಕೆ, ಶೆಡ್ ಕಡೆಗೆ ಕರೆಯುತ್ತಿದ್ದರು. ಪಾಠದಲ್ಲಿ ನೂರಕ್ಕೆ ನೂರು ತೆಗೆದಿದ್ದ ಹುಡುಗರು ಅವರು.

ನಿಮ್ಮದು ಸೋಂಕು ನಿಯಂತ್ರಣ. ಮಾರ್ಗಸೂಚಿ ಬದಲಾಗುತ್ತಲೇ ಇರುತ್ತದೆ.

ಹಾಗಾದರೆ ಪಾಠವನ್ನು ನಮ್ಮ ಸರ್ವರಿನಲ್ಲೇ ಇಟ್ಟು ಅವರ ಎಲ್‌ಎಂಎಸ್‌ನಿಂದ ಸುಮ್ಮನೆ ಲಿಂಕ್ ಕೊಟ್ಟರೆ ಆಗದೇ ಎಂದು ಕೇಳುತ್ತೀರಿ. ಪಾಠವೇನೋ ತೆರೆಯುತ್ತದೆ, ಅಂಕ ಹೋಗುವುದಿಲ್ಲ. ಸ್ಕಾರ್ಮ್ ಪಾಠ ತೆರೆದ ತಕ್ಷಣ, ಜಾತ್ರೆಯಲ್ಲಿ ಕೈತಪ್ಪಿದ ಮಗು ಅಮ್ಮನನ್ನು ಹುಡುಕಿದ ಹಾಗೆ, ತನ್ನನ್ನು ತೆರೆದ ಕಿಟಕಿ, ಅದರ ಮೇಲಿನ ಕಿಟಕಿ ಎಂದು ಒಂದೊಂದನ್ನೇ ಹತ್ತಿ ಎಲ್‌ಎಂಎಸ್ ಇಟ್ಟಿರುವ 'ಎಪಿಐ' ಎಂಬ ವಸ್ತುವನ್ನು ಹುಡುಕುತ್ತದೆ. ಪಾಠ ಒಂದು ಡೊಮೇನ್, ಎಲ್‌ಎಂಎಸ್ ಇನ್ನೊಂದು ಡೊಮೇನ್ ಆದರೆ ಬ್ರೌಸರ್ ಸುರಕ್ಷತೆಯ ಕಾರಣಕ್ಕೆ ಆ ಹುಡುಕಾಟಕ್ಕೇ ಅಡ್ಡ ಬರುತ್ತದೆ.

ಅದಕ್ಕಾಗಿಯೇ ಎಲ್‌ಟಿಐ, ಒಂದು ಎಲ್‌ಎಂಎಸ್‌ನಿಂದ ಇನ್ನೊಂದರ ಪಾಠ ತೆರೆದು ಅಂಕ ವಾಪಸ್ ತರುವ ಪದ್ಧತಿ. ಮೂಡಲ್‌ನಲ್ಲಿ 2016ರ 3.1 ಆವೃತ್ತಿಯಿಂದ ಒಂದು ಕೋರ್ಸನ್ನೋ ಒಂದೇ ಪಾಠವನ್ನೋ ಎಲ್‌ಟಿಐ ಟೂಲ್ ಆಗಿ ಪಬ್ಲಿಶ್ ಮಾಡುವ ಸೌಲಭ್ಯ ಇದೆ. ಅಡ್ಮಿನ್ ಅದನ್ನು ಎನ್‌ರೋಲ್‌ಮೆಂಟ್ ಪಟ್ಟಿಯಲ್ಲೂ ಅಥೆಂಟಿಕೇಷನ್ ಪಟ್ಟಿಯಲ್ಲೂ ಚಾಲೂ ಮಾಡಬೇಕು, ಒಂದನ್ನು ಮರೆತರೆ ಕೆಲಸ ಮಾಡದು. ಆಮೇಲೆ ಎರಡೂ ಕಡೆಯವರು ವಿಳಾಸ, ಕೀಲಿಗಳನ್ನು ಹಂಚಿಕೊಂಡರೆ ಅವರ ನರ್ಸ್ ತಮ್ಮ ಎಲ್‌ಎಂಎಸ್‌ನಲ್ಲಿ ಕ್ಲಿಕ್ ಮಾಡಿ, ಬೇರೆ ಪಾಸ್‌ವರ್ಡ್ ಇಲ್ಲದೆ ನಿಮ್ಮ ಮೂಡಲ್‌ನ ಪಾಠಕ್ಕೆ ಬರುತ್ತಾರೆ, ಮುಗಿಸಿದ ಮೇಲೆ ಅಂಕ ಅವರ ಎಲ್‌ಎಂಎಸ್‌ಗೇ ಹೋಗುತ್ತದೆ. ತಕ್ಷಣ ಹೋಗಲಿಲ್ಲ ಅಂತ ಗಾಬರಿಯಾಗಬೇಡಿ, ಮೂಡಲ್‌ನ ಕ್ರಾನ್ (ಆಗಾಗ ತಾನೇ ಓಡುವ ಹಿನ್ನೆಲೆ ಕೆಲಸ) ಓಡಿದಾಗ ಹೋಗುತ್ತದೆ. ಹೊಸ ಕಿಟಕಿಯಲ್ಲೇ ತೆರೆಯುವಂತೆ ಇಡಿ, ಚೌಕಟ್ಟಿನ ಒಳಗೆ ತೆರೆದರೆ ಬ್ರೌಸರ್‌ಗಳ ಕುಕಿ ನಿರ್ಬಂಧಕ್ಕೆ ಸಿಕ್ಕಿ ಲಾಗಿನ್ ಜಾರಿ ಹೋಗುತ್ತದೆ. ಅವರ ಸಿಬ್ಬಂದಿಯ ಹೆಸರು, ಇಮೇಲ್ ನಿಮ್ಮ ಸರ್ವರಿಗೆ ಬರುತ್ತದೆ ಎಂಬುದನ್ನು ಅವರಿಗೆ ಬರಹದಲ್ಲಿ ತಿಳಿಸಿ ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬಾಯಿಮಾತಿನಲ್ಲಿ ಮುಗಿಸುವ ವಿಷಯ ಅಲ್ಲ ಇದು.

ಅವರ ಎಲ್‌ಎಂಎಸ್‌ಗೆ ಎಲ್‌ಟಿಐ ಗೊತ್ತೇ ಇಲ್ಲದಿದ್ದರೆ 'ಡಿಸ್ಪ್ಯಾಚ್' ಎಂಬ ಉಪಾಯ ಇದೆ, ಸ್ಕಾರ್ಮ್ ಕ್ಲೌಡ್‌ನಂಥ ಸೇವೆಗಳು ಕೊಡುತ್ತವೆ. ನೀವು ಕಳಿಸುವುದು ಜಿಪ್ಪೇ, ಆದರೆ ಅದರೊಳಗೆ ಪಾಠ ಇರುವುದಿಲ್ಲ, ಮೂಲ ಪಾಠವನ್ನು ಕರೆತರುವ ಒಂದು ಚೀಟಿ ಮಾತ್ರ. ದುಡ್ಡು ಕೊಡಬೇಕು. ನನ್ನನ್ನು ಕೇಳಿದರೆ, ಎರಡೇ ಆಸ್ಪತ್ರೆ ಎಂದಾದರೆ ಇದ್ಯಾವುದೂ ಬೇಡ. ಅವರ ಸಿಬ್ಬಂದಿಗೂ ನಿಮ್ಮ ಮೂಡಲ್‌ನಲ್ಲೇ ಖಾತೆ ಮಾಡಿ, ಆಸ್ಪತ್ರೆಗೊಂದು ಕೋಹಾರ್ಟ್ (ಬಳಕೆದಾರರ ಗುಂಪು) ಮಾಡಿ ಕೋರ್ಸಿಗೆ ಸೇರಿಸಿ, ತಿಂಗಳಿಗೊಮ್ಮೆ ಅವರವರ ಫಲಿತಾಂಶವನ್ನು ಎಕ್ಸೆಲ್‌ನಲ್ಲಿ ಇಳಿಸಿ ಕಳಿಸಿ. ನೋಡಲು ಹಳ್ಳಿ ಪದ್ಧತಿ, ಆದರೆ ಕೆಟ್ಟುಹೋಗುವಂಥದ್ದು ಇದರಲ್ಲಿ ಏನೂ ಇಲ್ಲ.

ಇಷ್ಟಾದ ಮೇಲೂ ಮೇಲಿನವರ ಒತ್ತಡಕ್ಕೆ ಜಿಪ್ಪನ್ನೇ ಕೊಡಬೇಕಾಗಿ ಬಂದರೆ, ಮೊದಲ ಸ್ಲೈಡಿನಲ್ಲೇ ಆವೃತ್ತಿ ಸಂಖ್ಯೆ, ತಾರೀಕು ದಪ್ಪಕ್ಷರದಲ್ಲಿ ಹಾಕಿ. ಯಾರಿಗೆ, ಯಾವತ್ತು, ಯಾವ ಆವೃತ್ತಿ ಕೊಟ್ಟಿರಿ ಎಂದು ಒಂದು ಶೀಟ್ ಇಡಿ. ಸ್ಟೋರಿಲೈನ್‌ನ ಮೂಲ ಫೈಲ್ ಮಾತ್ರ ನಿಮ್ಮ ಬಳಿಯೇ ಇರಲಿ, ಅದೂ ಪಾಠ ಮಾಡಿದವರ ಲ್ಯಾಪ್‌ಟಾಪಿನಲ್ಲಷ್ಟೇ ಅಲ್ಲ. ಫೋಟೊಗಳಲ್ಲಿ ರೋಗಿಗಳ ಮುಖ ಇದೆಯೇ ಎಂದೂ ಒಮ್ಮೆ ನೋಡಿಕೊಳ್ಳಿ. ಒಳಗಿನ ಬಳಕೆಗೆ ಸಿಕ್ಕ ಒಪ್ಪಿಗೆ ಇನ್ನೊಂದು ಆಸ್ಪತ್ರೆಗೆ ಅನ್ವಯಿಸುವುದಿಲ್ಲ.

ಆ ಎರಡು ಆಸ್ಪತ್ರೆಯವರ ಬಳಿ ಇರುವ ಎಲ್‌ಎಂಎಸ್ ಯಾವುದು, ಎಲ್‌ಟಿಐ 1.3 ನಡೆಯುತ್ತದೆಯೇ ಎಂದು ಅವರ ಐಟಿಯವರನ್ನು ಕೇಳಿ ಇಲ್ಲೇ ಕೆಳಗೆ ಬರೆಯಿರಿ. ನಿಮ್ಮ ಮೂಡಲ್ ಆವೃತ್ತಿಯನ್ನೂ ಹಾಕಿ. 4.0ಕ್ಕಿಂತ ಹಳೆಯದಾದರೆ ಮೊದಲು ಅದನ್ನೇ ಮೇಲೇರಿಸಬೇಕಾಗುತ್ತದೆ, ಆ ಕತೆ ಬೇರೆ.